ಲೇತಿಗೊಂದು ಪಾಸ್‌ಬುಕ್

ಮಕ್ಕಳೇ, ಮನೆಯಲ್ಲಿ ಎಲ್ಲಾದರೂ ಒಂದು ಬೋಲ್ಟು, ಅದಕ್ಕೆ ಹೊಂದುವ ಒಂದು ನಟ್ಟು ಇದ್ದರೆ ತಂದಿಟ್ಟುಕೊಂಡು ಇದನ್ನು ಓದಿ. ನಟ್ಟನ್ನು ಬೆರಳಿನಿಂದ ಒಂದು ಸುತ್ತು ತಿರುಗಿಸಿ. ಅದು ಎಷ್ಟು ಮುಂದೆ ಸರಿಯಿತು? ಮೊದಲನೆಯ ಸುತ್ತಿಗೆ ಎಷ್ಟೋ, ಹತ್ತನೆಯ ಸುತ್ತಿಗೂ ಅಷ್ಟೇ. ಈ ದೂರಕ್ಕೆ ಪಿಚ್ ಎನ್ನುತ್ತಾರೆ. 16 ಮಿ.ಮೀ. ದಪ್ಪದ ಸಾಮಾನ್ಯ ಬೋಲ್ಟಿನ ಪಿಚ್ 2 ಮಿ.ಮೀ. ಬೋಲ್ಟಿನ ಪಿಚ್ಚಿಗೂ ನಟ್ಟಿನ ಪಿಚ್ಚಿಗೂ ಚೂರು ವ್ಯತ್ಯಾಸವಿದ್ದರೆ ಮೊದಲೆರಡು ಸುತ್ತು ನಟ್ಟು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ, ಕೊನೆಗೆ ಕಚ್ಚಿಕೊಂಡು ನಿಲ್ಲುತ್ತದೆ. ಪ್ರತಿ ಸುತ್ತಿನ ಚೂರೂ ಒಂದರ ಮೇಲೊಂದು ಸೇರುತ್ತಾ ಹೋಗುವುದೇ ಇದಕ್ಕೆ ಕಾರಣ.

ಬೋಲ್ಟಿನ ಮೈಮೇಲಿನ ಆ ಸುತ್ತುಗೆರೆಗೆ ಥ್ರೆಡ್ ಎಂದು ಹೆಸರು. ಅದು ಏನೆಂದು ತಿಳಿಯಲು ಒಂದು ಕಾಗದವನ್ನು ಲಂಬಕೋನ ತ್ರಿಭುಜವಾಗಿ ಕತ್ತರಿಸಿ, ಓರೆ ಅಂಚಿಗೆ ಬಣ್ಣ ಹಚ್ಚಿ, ಪೆನ್ಸಿಲ್ಲಿಗೆ ಸುತ್ತಿ. ಬಣ್ಣದ ಅಂಚು ಪೆನ್ಸಿಲ್ಲನ್ನು ಬಳಸಿಕೊಂಡು ಮೇಲೇರುತ್ತದೆ. ಘಾಟಿ ರಸ್ತೆ ಬೆಟ್ಟ ಹತ್ತಿದ ಹಾಗೆ. ಥ್ರೆಡ್ ಎಂದರೆ ಇಷ್ಟೇ, ಕಂಬಕ್ಕೆ ಸುತ್ತಿದ ಇಳಿಜಾರು.

ಇದನ್ನು ಕಬ್ಬಿಣದ ಮೇಲೆ ಕೊರೆಯುವ ಯಂತ್ರವೇ ಲೇತ್. ಚನ್ನಪಟ್ಟಣದ ಗೊಂಬೆ ಮಾಡುವುದನ್ನು ನೋಡಿದ್ದೀರಾ? ಮರದ ತುಂಡು ತಿರುಗುತ್ತಿರುತ್ತದೆ, ಕುಶಲಕರ್ಮಿ ಉಳಿ ಹಿಡಿದು ರೂಪ ಕೊಡುತ್ತಾರೆ. ಅದೂ ಲೇತೇ. ಆದರೆ ಉಕ್ಕನ್ನು ಕೈಯಲ್ಲಿ ಉಳಿ ಹಿಡಿದು ಕೊರೆಯಲಾಗದು. ಹಾಗಾಗಿ ಉಳಿಯನ್ನೂ ಯಂತ್ರವೇ ಹಿಡಿಯುತ್ತದೆ. ಎಡಗಡೆ ಚಕ್ ಎಂಬ ಬಲವಾದ ಮುಷ್ಟಿ, ಅದರಲ್ಲಿ ತಿರುಗುವ ಉಕ್ಕಿನ ತುಂಡು. ಅಂಗಡಿಯ ಭಾಷೆಯಲ್ಲಿ ಆ ತುಂಡು 'ಜಾಬ್'. ಚಕ್ಕನ್ನು ತಿರುಗಿಸುವ ದಿಂಡು ಸ್ಪಿಂಡಲ್. ಉಳಿ ಕೂತ ಗಾಡಿ ಕ್ಯಾರೇಜ್. ಆ ಗಾಡಿಯನ್ನು ಎಳೆಯಲು ಯಂತ್ರದ ಉದ್ದಕ್ಕೂ ಒಂದು ತಿರುಪಿನ ಸರಳು, ಅದೇ ಲೀಡ್‌ಸ್ಕ್ರೂ. ಹಾಫ್‌ನಟ್ ಎಂಬ ಒಂದು ಹಿಡಿ ಇರುತ್ತದೆ. ಅದನ್ನು ಒತ್ತಿದರೆ ಗಾಡಿ ಲೀಡ್‌ಸ್ಕ್ರೂವನ್ನು ಕಚ್ಚಿಕೊಳ್ಳುತ್ತದೆ, ಬಿಟ್ಟರೆ ಬಿಡುತ್ತದೆ.

ಜಾಬ್ ಒಂದು ಸುತ್ತು ತಿರುಗುವಷ್ಟರಲ್ಲಿ ಉಳಿ ಸರಿಯಾಗಿ 2 ಮಿ.ಮೀ. ಸರಿದರೆ 2 ಮಿ.ಮೀ. ಪಿಚ್ಚಿನ ಥ್ರೆಡ್ ಬಿತ್ತು. ಅಂದರೆ ಸ್ಪಿಂಡಲ್ಲಿಗೂ ಲೀಡ್‌ಸ್ಕ್ರೂವಿಗೂ ನಡುವೆ ಎಂದೂ ತಪ್ಪದ ಒಂದು ಲೆಕ್ಕ ಇರಬೇಕು. ಇಂಗ್ಲೆಂಡಿನ ಹೆನ್ರಿ ಮಾಡ್ಸ್‌ಲೇ 1800ರ ಆಸುಪಾಸಿನಲ್ಲಿ ಈ ಎರಡನ್ನೂ ಹಲ್ಲಿನ ಚಕ್ರಗಳಿಂದ ಜೋಡಿಸಿದ ಲೇತ್ ಮಾಡಿದರು. ಚಕ್ರ ಬದಲಿಸಿದರೆ ಪಿಚ್ ಬದಲಾಗುತ್ತದೆ. ಅವರ ಬಳಿ ಕೆಲಸ ಮಾಡಿದ್ದ ಜೋಸೆಫ್ ವಿಟ್‌ವರ್ತ್ 1841ರಲ್ಲಿ, ದೇಶಕ್ಕೆಲ್ಲ ಒಂದೇ ಬಗೆಯ ಥ್ರೆಡ್ ಇರಲಿ ಎಂದು ಅಳತೆ ಗೊತ್ತುಮಾಡಿದರು. ಅದಕ್ಕೆ ಮೊದಲು ಒಂದು ಕಾರ್ಖಾನೆಯ ನಟ್ಟು ಇನ್ನೊಂದು ಕಾರ್ಖಾನೆಯ ಬೋಲ್ಟಿಗೆ ಕೂರುವ ಭರವಸೆಯೇ ಇರಲಿಲ್ಲ. ನಮ್ಮ ಕರ್ನಾಟಕವೂ ಲೇತುಗಳ ನಾಡೇ. ಹರಿಹರದ ಮೈಸೂರು ಕಿರ್ಲೋಸ್ಕರ್ 1941ರಲ್ಲಿ ಶುರುವಾಯಿತು. ಬೆಂಗಳೂರಿನ ಎಚ್.ಎಂ.ಟಿ. ಎಂದರೆ ಅಜ್ಜ ಅಜ್ಜಿಯರು ಕೈಗಡಿಯಾರ ನೆನೆಯುತ್ತಾರೆ, ಆದರೆ ಗಡಿಯಾರಕ್ಕೂ ಮೊದಲು ಅದು ಮಾಡಿದ್ದು ಲೇತುಗಳನ್ನು.

ನನಗೆ ಇದೆಲ್ಲ ಗೊತ್ತಾದದ್ದು ನಮ್ಮೂರಿನ ಒಂದು ಲೇತ್ ಅಂಗಡಿಯ ಮುಂದಿನ ಕಟ್ಟೆಯಲ್ಲಿ ಕೂತು. ನಾನು ಓದಿದ್ದು ಬಿ.ಕಾಂ., ದುಡಿದದ್ದು ಬ್ಯಾಂಕಿನ ಗುಮಾಸ್ತನಾಗಿ. ಬೆಳಿಗ್ಗೆ ಪೇಪರ್ ಓದಲು ಆ ಕಟ್ಟೆಗೆ ಹೋಗುತ್ತೇನೆ. ಅಂಗಡಿಯ ಮೇಸ್ತ್ರಿಗೂ ನನ್ನದೇ ವಯಸ್ಸು. ಅವರದು ಆರಡಿಯ ಹಳೇ ಲೇತ್. ಅದರ ಲೀಡ್‌ಸ್ಕ್ರೂ ಇಂಚಿನ ಲೆಕ್ಕದ್ದು, ಒಂದು ಇಂಚಿಗೆ ನಾಲ್ಕು ಥ್ರೆಡ್. ಆದರೆ ಈಗಿನ ಬೈಕು, ಟ್ರಾಕ್ಟರು, ಟಿಲ್ಲರುಗಳ ತಿರುಪೆಲ್ಲ ಹೆಚ್ಚಾಗಿ ಮಿಲಿಮೀಟರಿನ ಲೆಕ್ಕದ್ದು.

ಇಂಚಿನ ಯಂತ್ರದಲ್ಲಿ ಮಿಲಿಮೀಟರಿನ ಥ್ರೆಡ್ ಕೊರೆಯಲು 127 ಹಲ್ಲಿನ ಒಂದು ಚಕ್ರ ಬೇಕು. ಯಾಕೆ ಗೊತ್ತೇ? ಒಂದು ಇಂಚು ಎಂದರೆ 25.4 ಮಿ.ಮೀ. 254ನ್ನು ಎರಡರಿಂದ ಭಾಗಿಸಿದರೆ 127. ಅದನ್ನು 2, 3, 5, 7, 11 ಯಾವುದರಿಂದಲಾದರೂ ಭಾಗಿಸಿ ನೋಡಿ, ಶೇಷ ಉಳಿಯುತ್ತದೆ. 127 ಅವಿಭಾಜ್ಯ ಸಂಖ್ಯೆ. ಹಾಗಾಗಿ ಚಿಕ್ಕ ಚಕ್ರಗಳನ್ನು ಸೇರಿಸಿ 127 ಮಾಡಿಕೊಳ್ಳಲು ಬರುವುದಿಲ್ಲ. ಮೇಸ್ತ್ರಿಯ ಲೇತಿನಲ್ಲಿ 2 ಮಿ.ಮೀ. ಥ್ರೆಡ್ಡಿಗೆ ಸ್ಪಿಂಡಲ್ ಕಡೆ 40 ಹಲ್ಲು, ಲೀಡ್‌ಸ್ಕ್ರೂ ಕಡೆ 127 ಹಲ್ಲು. ನಡುವೆ ಇನ್ನೊಂದು ಚಕ್ರ ಇರುತ್ತದೆ, ಅದರ ಹಲ್ಲೆಷ್ಟಿದ್ದರೂ ಲೆಕ್ಕ ಬದಲಾಗದು. ಕಮಿಷನ್ ತೆಗೆದುಕೊಳ್ಳದ ದಲ್ಲಾಳಿ ಎಂದರೆ ಅದೊಂದೇ!

ಆ 127ರ ಚಕ್ರದ ನಾಲ್ಕು ಹಲ್ಲು ಎಷ್ಟೋ ವರ್ಷದ ಹಿಂದೆಯೇ ಮುರಿದಿತ್ತು. ಅದೇ ಅಳತೆಯದು ಎಲ್ಲೂ ಸಿಗಲಿಲ್ಲ. ಕೆಲವು ಜಾಣ ಟರ್ನರುಗಳು 47 ಮತ್ತು 37 ಹಲ್ಲಿನ ಜೋಡಿ ಹಾಕಿ ಸುಧಾರಿಸುತ್ತಾರಂತೆ. 47ನ್ನು 37ರಿಂದ ಭಾಗಿಸಿ ನೋಡಿ, 1.27ಕ್ಕೆ ಎಷ್ಟು ಹತ್ತಿರ ಬರುತ್ತದೆ! ಆದರೆ ಮೇಸ್ತ್ರಿಯ ಬಳಿ ಆ ಜೋಡಿಯೂ ಇರಲಿಲ್ಲ. ಇದ್ದ ಚಕ್ರಗಳಲ್ಲಿ ಇಂಚಿಗೆ 13 ಥ್ರೆಡ್ ಬರುತ್ತಿತ್ತು, ಅಂದರೆ 1.954 ಮಿ.ಮೀ. ಒಂದು ಸುತ್ತಿಗೆ ವ್ಯತ್ಯಾಸ 0.046 ಮಿ.ಮೀ., ಹತ್ತು ಸುತ್ತಿಗೆ ಹೆಚ್ಚುಕಡಿಮೆ ಅರ್ಧ ಮಿ.ಮೀ. ಅಂಥ ಕೆಲಸ ಮಾಡಿ ಕೊಡುವವರಲ್ಲ ಮೇಸ್ತ್ರಿ. ಮಿಲಿಮೀಟರಿನ ಜಾಬ್ ತಂದವರನ್ನು ಜಿಲ್ಲಾ ಕೇಂದ್ರಕ್ಕೆ ಕಳಿಸುತ್ತಿದ್ದರು. ಬರಬರುತ್ತಾ ಅಂಗಡಿಗೆ ಬರುವವರೇ ಕಡಿಮೆಯಾದರು. ಗುಜರಿಯವನು ಬಂದು ಒಮ್ಮೆ ಲೇತಿಗೆ ಬೆಲೆ ಕಟ್ಟಿಯೂ ಹೋದ.

ಹೋದ ವರ್ಷ ರಜೆಗೆ ಬಂದ ಮೇಸ್ತ್ರಿಯ ಮೊಮ್ಮಗಳು ಇದನ್ನು ಕೇಳಿಸಿಕೊಂಡಳು. ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದುವ ಹುಡುಗಿ. "ಚಕ್ರ ಯಾಕೆ ತಾತ, ಲೀಡ್‌ಸ್ಕ್ರೂಗೆ ಬೇರೆ ಮೋಟಾರೇ ಹಾಕೋಣ" ಅಂದಳು.

ಅವಳು ತಂದದ್ದು ಸ್ಟೆಪ್ಪರ್ ಮೋಟಾರ್. ಫ್ಯಾನಿನ ಮೋಟಾರು ಕರೆಂಟು ಕೊಟ್ಟರೆ ಸುಮ್ಮನೆ ತಿರುಗುತ್ತದೆ, ಎಷ್ಟು ತಿರುಗಿತೆಂದು ಯಾರಿಗೂ ಲೆಕ್ಕವಿಲ್ಲ. ಸ್ಟೆಪ್ಪರ್ ಹಾಗಲ್ಲ, ಒಂದು ಸಂಕೇತ ಕೊಟ್ಟರೆ ಒಂದು ಹೆಜ್ಜೆ ಇಟ್ಟು ನಿಲ್ಲುತ್ತದೆ. ಒಂದು ಸುತ್ತಿಗೆ 200 ಹೆಜ್ಜೆ. ಬ್ಯಾಂಕಿನಲ್ಲಿ ಪಾಸ್‌ಬುಕ್ ಮುದ್ರಿಸುವ ಯಂತ್ರ ಕರ್ ಕರ್ ಎಂದು ಒಂದೊಂದೇ ಸಾಲು ಸರಿಸುವುದನ್ನು ನೋಡಿದ್ದೀರಲ್ಲ, ಅಲ್ಲೂ ಇಂಥದೇ ಮೋಟಾರು. ಅದನ್ನು ನಡೆಸುವ ಡ್ರೈವರ್ ಎಂಬ ಪೆಟ್ಟಿಗೆ ಪ್ರತಿ ಹೆಜ್ಜೆಯನ್ನೂ ಎಂಟು ಪುಟ್ಟ ಹೆಜ್ಜೆಗಳಾಗಿ ಒಡೆಯಿತು. ಅಲ್ಲಿಗೆ ಸುತ್ತಿಗೆ 1600. ಮೋಟಾರಿಗೆ 20 ಹಲ್ಲಿನ ಪುಲ್ಲಿ, ಲೀಡ್‌ಸ್ಕ್ರೂವಿಗೆ 40 ಹಲ್ಲಿನದು, ನಡುವೆ ಹಲ್ಲಿನ ಬೆಲ್ಟು. ಹಾಗಾಗಿ ಲೀಡ್‌ಸ್ಕ್ರೂವಿನ ಒಂದು ಸುತ್ತಿಗೆ 3200 ಹೆಜ್ಜೆ, ಜೊತೆಗೆ ತಿರುಗಿಸುವ ಬಲವೂ ಇಮ್ಮಡಿ.

ಮೋಟಾರು ಗಡಿಯಾರ ನೋಡಿಕೊಂಡು ಓಡಿದರೆ ಸಾಲದೆ ಎಂದು ನಾನು ಕೇಳಿದೆ. ಸಾಲದು. ಉಳಿ ಆಳಕ್ಕೆ ಇಳಿದಾಗ ಸ್ಪಿಂಡಲ್ ಉಸಿರು ಕಟ್ಟಿದ ಹಾಗೆ ನಿಧಾನವಾಗುತ್ತದೆ, ಹಳೇ ಬೆಲ್ಟು ಜಾರುತ್ತದೆ. ಆಗಲೂ ಮೋಟಾರು ತನ್ನ ಪಾಡಿಗೆ ಓಡಿದರೆ ಪಿಚ್ ಕೆಟ್ಟಿತು. ಸ್ಪಿಂಡಲ್ ಎಷ್ಟು ತಿರುಗಿತೋ ಅದನ್ನು ನೋಡಿಯೇ ಮೋಟಾರು ಹೆಜ್ಜೆ ಇಡಬೇಕು. ಅದಕ್ಕಾಗಿ ಸ್ಪಿಂಡಲ್ಲಿಗೆ ಎನ್‌ಕೋಡರ್ ಎಂಬ ಪುಟ್ಟ ಡಬ್ಬಿ ಜೋಡಿಸಿದಳು. ಒಳಗೆ ಸಣ್ಣ ಸಣ್ಣ ಸೀಳುಗಳಿರುವ ತಟ್ಟೆ, ಸೀಳನ್ನು ಎಣಿಸುವ ಎರಡು ಬೆಳಕಿನ ಕಣ್ಣು. ಕಣ್ಣು ಎರಡಿರುವುದರಿಂದ ಸ್ಪಿಂಡಲ್ ಮುಂದಕ್ಕೆ ತಿರುಗಿತೋ ಹಿಂದಕ್ಕೋ ಎಂಬುದೂ ತಿಳಿಯುತ್ತದೆ. ಸ್ಪಿಂಡಲ್ಲಿನ ಒಂದು ಸುತ್ತಿಗೆ ಅದು 2400 ಎಣಿಕೆ ಕೊಡುತ್ತದೆ.

ಇನ್ನು ಲೆಕ್ಕ. 2 ಮಿ.ಮೀ. ಪಿಚ್ಚಿಗೆ ಸ್ಪಿಂಡಲ್ಲಿನ ಒಂದು ಸುತ್ತಿಗೆ ಲೀಡ್‌ಸ್ಕ್ರೂ 127ರಲ್ಲಿ 40 ಪಾಲು ತಿರುಗಬೇಕು. 3200 ಹೆಜ್ಜೆಯನ್ನು 40ರಿಂದ ಗುಣಿಸಿ 127ರಿಂದ ಭಾಗಿಸಿ: 1007 ಹೆಜ್ಜೆ, ಮೇಲೊಂದಿಷ್ಟು ಚಿಲ್ಲರೆ. ಇದಕ್ಕೆ 2400 ಎಣಿಕೆ. ಅಂದರೆ ಸುಮಾರು 2.38 ಎಣಿಕೆಗೆ ಒಂದು ಹೆಜ್ಜೆ.

ಥ್ರೆಡ್ ಕೊರೆಯುವ ಮೊದಲು ಮೇಸ್ತ್ರಿ ಜಾಬಿನ ಮೇಲೆ ಉಳಿಯಿಂದ ಬರೀ ಗೀರು ಎಳೆದು ಅಳೆಯುತ್ತಾರೆ. ಹತ್ತು ಪಿಚ್ಚಿಗೆ 20 ಮಿ.ಮೀ. ಬರಬೇಕು. (ಎಣಿಸಬೇಕಾದದ್ದು ಗೆರೆಗಳನ್ನಲ್ಲ, ಗೆರೆಗಳ ನಡುವಿನ ಸಂದುಗಳನ್ನು. ಹತ್ತು ಸಂದಿಗೆ ಹನ್ನೊಂದು ಗೆರೆ.) ಅಂದು ಬಂದದ್ದು 24ಕ್ಕೆ ಹತ್ತಿರ. ಹುಡುಗಿಯ ಮುಖ ಸಣ್ಣದಾಯಿತು. ತಂತಿ, ಬೆಲ್ಟು, ಪುಲ್ಲಿ ಎಲ್ಲ ನೋಡಿದಳು. ಎಲ್ಲ ಸರಿಯಿತ್ತು. ನನಗೆ ಪ್ರೋಗ್ರಾಮಿನ ಭಾಷೆ ಬಾರದು, ಆದರೆ ಅವಳು ನೋಟ್‌ಬುಕ್ಕಿನಲ್ಲಿ ಬರೆದ ಲೆಕ್ಕ ಓದಲು ಬರುತ್ತದೆ.

"2.38 ಅಂತ ಬರೆದಿದ್ದೀಯ. ಇದರಲ್ಲಿ .38 ಎಲ್ಲಿ ಹೋಯ್ತಮ್ಮ?" ಎಂದೆ.

"ಅದು... ಭಾಗಿಸುವಾಗ ಪೂರ್ಣಸಂಖ್ಯೆ ಮಾತ್ರ ಉಳಿಯುತ್ತೆ, ಬ್ಯಾಂಕ್ ತಾತ. ಚಿಲ್ಲರೆ ಉದುರಿಹೋಗುತ್ತೆ" ಎಂದವಳು ಅಲ್ಲೇ ನಾಲಗೆ ಕಚ್ಚಿಕೊಂಡಳು. ಪ್ರತಿ ಎರಡು ಎಣಿಕೆಗೆ ಒಂದು ಹೆಜ್ಜೆ ಇಟ್ಟು ಮೋಟಾರು ಮುಂದೆ ಮುಂದೆ ಓಡಿತ್ತು.

ಇದನ್ನು ಓದುವ ಹಿರಿಯರಿಗೆ 1957 ನೆನಪಿರಬಹುದು. ಆ ವರ್ಷದ ಏಪ್ರಿಲ್ 1ರಿಂದ ರೂಪಾಯಿಗೆ 100 ನಯಾ ಪೈಸೆ ಬಂತು. ಹಳೆಯ ಲೆಕ್ಕದಲ್ಲಿ ರೂಪಾಯಿಗೆ 16 ಆಣೆ. ಒಂದು ಆಣೆಗೆ ನ್ಯಾಯವಾಗಿ ಆರೂಕಾಲು ಪೈಸೆ ಬರಬೇಕು, ಕಾಲು ಪೈಸೆಯ ನಾಣ್ಯ ಇರಲಿಲ್ಲ, ಹಾಗಾಗಿ ಆರೇ ಪೈಸೆ. ನಾಲ್ಕಾಣೆ ಒಟ್ಟಿಗೆ ಕೊಟ್ಟರೆ 25 ಪೈಸೆ ಸರಿಯಾಗಿ ಸಿಗುತ್ತಿತ್ತು. ಅದೇ ಒಂದೊಂದೇ ಆಣೆಯಾಗಿ 16 ಸಲ ಬದಲಿಸಿದರೆ? 96 ಪೈಸೆ. ನಾಲ್ಕು ಪೈಸೆ ಯಾರೂ ಕದ್ದಿಲ್ಲ, ಆದರೂ ಇಲ್ಲ.

ಬ್ಯಾಂಕಿನಲ್ಲಿ ನಾವು ಚಿಲ್ಲರೆಯನ್ನು ಉದುರಿಸುವುದಿಲ್ಲ, ಶಿಲ್ಕು ಎಂದು ಬರೆದು ಮುಂದಿನ ಸಾಲಿಗೆ ಒಯ್ಯುತ್ತೇವೆ. "ಮೋಟಾರಿಗೂ ಒಂದು ಪಾಸ್‌ಬುಕ್ ಮಾಡಿಕೊಡು" ಎಂದೆ. ಅವಳಿಗೆ ಅಷ್ಟು ಸಾಕಾಯಿತು. ಭಿನ್ನರಾಶಿಯನ್ನು ಸಂಕ್ಷೇಪಿಸಿ, 381 ಎಣಿಕೆಗೆ ಸರಿಯಾಗಿ 160 ಹೆಜ್ಜೆ ಎಂದು ಕಂಡುಕೊಂಡಳು. ಆಮೇಲೆ ಮಾಡಿದ್ದು ಹೀಗೆ: ಪ್ರತಿ ಎಣಿಕೆಗೂ ಖಾತೆಗೆ 160 ಜಮೆ. ಒಂದು ಹೆಜ್ಜೆಯ ಬೆಲೆ 381. ಖಾತೆಯಲ್ಲಿ ಅಷ್ಟು ಸೇರಿದ ಕೂಡಲೇ 381 ಖರ್ಚು ಬರೆದು ಒಂದು ಹೆಜ್ಜೆ ಇಡುವುದು. ಉಳಿದದ್ದು ಶಿಲ್ಕು.

ಪೆನ್ಸಿಲ್ ಹಿಡಿದು ನೀವೂ ಮಾಡಿ. ಮೊದಲ ಎಣಿಕೆ, 160. ಎರಡನೆಯದು, 320. ಮೂರನೆಯದು, 480, ಒಂದು ಹೆಜ್ಜೆ, ಶಿಲ್ಕು 99. ನಾಲ್ಕನೆಯದು, 259. ಐದನೆಯದು, 419, ಹೆಜ್ಜೆ, ಶಿಲ್ಕು 38. ಆರು, 198. ಏಳು, 358. ಎಂಟು, 518; ಹೆಜ್ಜೆ, ಶಿಲ್ಕು 137. ಹೀಗೇ ಹೋದರೆ ಹನ್ನೆರಡನೆಯ ಎಣಿಕೆಗೆ ಐದು ಹೆಜ್ಜೆಯಾಗಿ ಶಿಲ್ಕು 15 ಇರುತ್ತದೆ. ಒಮ್ಮೆ ಮೂರು ಎಣಿಕೆಗೆ, ಒಮ್ಮೆ ಎರಡಕ್ಕೆ ಹೆಜ್ಜೆ ಬೀಳುತ್ತದೆ. 381 ಎಣಿಕೆ ಮುಗಿದಾಗ 160 ಹೆಜ್ಜೆ ಆಗಿರುತ್ತದೆ, ಶಿಲ್ಕು ಸೊನ್ನೆ. ಸಾವಿರ ಸುತ್ತು ತಿರುಗಿದರೂ ಒಂದು ಹೆಜ್ಜೆಯಷ್ಟೂ ತಪ್ಪು ಕೂಡಿಕೊಳ್ಳುವುದಿಲ್ಲ. ಒಂದು ಹೆಜ್ಜೆ ಎಂದರೆ ಒಂದು ಮಿಲಿಮೀಟರಿನ ಐನೂರರಲ್ಲಿ ಒಂದು ಪಾಲು.

0.42 ಎಂದು ದಶಮಾಂಶದಲ್ಲಿ ಬರೆದಿದ್ದರೆ ನಡೆಯುತ್ತಿರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ನಡೆಯುತ್ತಿತ್ತು. ನೂರು ಸುತ್ತಿಗೆ ಒಂದು ಮಿ.ಮೀ.ನ ನಲವತ್ತರಲ್ಲಿ ಒಂದು ಪಾಲು ವ್ಯತ್ಯಾಸ, ನಟ್ಟಿಗೆ ಅದು ಗೊತ್ತೂ ಆಗದು. ಆದರೆ ಬರೀ ಕೂಡುವುದು ಕಳೆಯುವುದರಲ್ಲೇ ಚೊಕ್ಕ ಲೆಕ್ಕ ಸಿಗುವಾಗ ಹತ್ತಿರದ ಲೆಕ್ಕ ಯಾಕೆ? ನನ್ನ ಗುಮಾಸ್ತನ ಮನಸ್ಸು ಒಪ್ಪುವುದಿಲ್ಲ. ಈ ಉಪಾಯ ನನ್ನದೇನಲ್ಲ. ಅಮೆರಿಕದ ಐ.ಬಿ.ಎಂ. ಕಂಪನಿಯಲ್ಲಿದ್ದ ಜ್ಯಾಕ್ ಬ್ರೆಸೆನ್‌ಹ್ಯಾಮ್ ಎಂಬವರು 1962ರಲ್ಲೇ, ಹೆಜ್ಜೆ ಹೆಜ್ಜೆಯಾಗಿ ಪೆನ್ನು ಸರಿಸಿ ಚಿತ್ರ ಬರೆಯುವ ಯಂತ್ರಕ್ಕೆ ಓರೆಗೆರೆ ಎಳೆಯಲು ಇಂಥದೇ ಲೆಕ್ಕ ಕಟ್ಟಿದ್ದರು ಎಂದು ಹುಡುಗಿ ಆಮೇಲೆ ಪುಸ್ತಕದಲ್ಲಿ ತೋರಿಸಿದಳು.

ಇದರಲ್ಲಿ ಇನ್ನೊಂದು ಲಾಭವೂ ಇದೆ. ಥ್ರೆಡ್ ಒಂದೇ ಸಲಕ್ಕೆ ಕೊರೆಯುವುದಲ್ಲ. ಹತ್ತು ಹನ್ನೆರಡು ಸಲ, ಪ್ರತಿ ಸಲ ಸ್ವಲ್ಪ ಸ್ವಲ್ಪ ಆಳಕ್ಕೆ, ಉಳಿ ಅದೇ ಗೆರೆಯಲ್ಲಿ ಓಡಬೇಕು. ಒಂದು ಸಲ ಕೊನೆ ಮುಟ್ಟಿದ ಮೇಲೆ ಮೇಸ್ತ್ರಿ ಉಳಿಯನ್ನು ಹೊರಗೆಳೆದು, ಹಾಫ್‌ನಟ್ ಬಿಡದೆಯೇ ಸ್ಪಿಂಡಲ್ಲನ್ನು ಹಿಮ್ಮುಖ ತಿರುಗಿಸುತ್ತಾರೆ. ಆಗ ಖಾತೆಯೂ ಹಿಮ್ಮುಖ ನಡೆಯುತ್ತದೆ: ಪ್ರತಿ ಎಣಿಕೆಗೆ 160 ಕಳೆ, ಸೊನ್ನೆಗಿಂತ ಕೆಳಗಿಳಿದರೆ 381 ಸೇರಿಸಿ ಒಂದು ಹೆಜ್ಜೆ ಹಿಂದಕ್ಕೆ. ತಿರುಪುಗಳಲ್ಲಿ ಸಹಜವಾಗಿ ಇರುವ ಸಡಿಲವನ್ನು ಮುಗಿಸಲು ಜಾಬಿನ ತುದಿಗಿಂತ ಸ್ವಲ್ಪ ಹಿಂದಕ್ಕೇ ಹೋಗಿ ಮತ್ತೆ ಬಂದರೆ, ಉಳಿ ಹಳೇ ಗೆರೆಗೇ ಬಂದು ಕೂರುತ್ತದೆ.

ಇಷ್ಟಾದರೂ ಸ್ಟೆಪ್ಪರಿಗೆ ಒಂದು ದೊಡ್ಡ ದೋಷವಿದೆ. ಭಾರ ಹೆಚ್ಚಾದರೆ ಅದು ಹೆಜ್ಜೆ ತಪ್ಪುತ್ತದೆ, ತಪ್ಪಿದೆ ಎಂದು ಹೇಳುವುದಿಲ್ಲ. ಪುಸ್ತಕದಲ್ಲಿ ಹಣ ಇದೆ, ಪೆಟ್ಟಿಗೆಯಲ್ಲಿ ಇಲ್ಲ. ಬ್ಯಾಂಕಿನಲ್ಲಿ ಸಂಜೆ ಕ್ಯಾಷ್ ತಾಳೆ ನೋಡುವವರೆಗೆ ಯಾರೂ ಮನೆಗೆ ಹೋಗುವಂತಿರಲಿಲ್ಲ, ಆದರೆ ಇಲ್ಲಿ ತಾಳೆ ನೋಡುವವರು ಯಾರು? ಎನ್‌ಕೋಡರ್ ಕೂತಿರುವುದು ಸ್ಪಿಂಡಲ್ಲಿನ ಮೇಲೆ, ಅದಕ್ಕೆ ಮೋಟಾರಿನ ಸುದ್ದಿ ಗೊತ್ತಿಲ್ಲ. ತನ್ನ ಹೆಜ್ಜೆಯನ್ನು ತಾನೇ ನೋಡಿಕೊಳ್ಳುವ ಮೋಟಾರುಗಳೂ ಸಿಗುತ್ತವೆ, ಬೆಲೆ ಜಾಸ್ತಿ. ಒಂದು ಹಳೇ ಸರಳಿನ ಮೇಲೆ ಪ್ರಯೋಗ ಮಾಡುತ್ತಿದ್ದಾಗ ಎಂಟನೆಯ ಸಲಕ್ಕೆ ಮೋಟಾರು ಗುರ್ ಎಂದಿತು. ನಮಗೆ ಏನೂ ತಿಳಿಯಲಿಲ್ಲ. ಮೇಸ್ತ್ರಿಯ ಕೈ ಆಗಲೇ ಹಾಫ್‌ನಟ್ ಹಿಡಿಯ ಮೇಲಿತ್ತು. ಆದರೂ ಅಷ್ಟರಲ್ಲಿ ಉಳಿ ಹಳೇ ಗೆರೆ ಬಿಟ್ಟು ಥ್ರೆಡ್ಡಿನ ನೆತ್ತಿಯನ್ನೇ ಸವರಿತ್ತು. ಕ್ಯಾರೇಜಿನ ಹಾದಿಯಲ್ಲಿ ವರ್ಷಗಳ ಜಿಡ್ಡು ಗಟ್ಟಿಯಾಗಿ ಕೂತಿತ್ತು. ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು ಎಣ್ಣೆ ಬಿಟ್ಟರು. ಹುಡುಗಿ ಡ್ರೈವರಿನಲ್ಲಿ ಕರೆಂಟನ್ನು ಮೋಟಾರಿಗೆ ಹೇಳಿದ ಮಿತಿಯವರೆಗೆ ಏರಿಸಿದಳು. ಸ್ಟೆಪ್ಪರಿಗೆ ವೇಗ ಹೆಚ್ಚಿದಷ್ಟೂ ಬಲ ಕಡಿಮೆ. ಹಾಗಾಗಿ ಸ್ಪಿಂಡಲ್ ನಿಮಿಷಕ್ಕೆ 60 ಸುತ್ತು ಮೀರಬಾರದು ಎಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು.

ನಿಜವಾದ ಪರೀಕ್ಷೆ ಬಂದದ್ದು ಜುಲೈನಲ್ಲಿ. ಗದ್ದೆ ಕೆಸರು ಮಾಡುವ ಕಾಲ. ಪಕ್ಕದ ಹಳ್ಳಿಯ ರೈತರೊಬ್ಬರು ಟಿಲ್ಲರಿನ ಶಾಫ್ಟು ಹೆಗಲ ಮೇಲೆ ಹೊತ್ತು ತಂದರು. ತುದಿಯ ಥ್ರೆಡ್ ಪೂರ್ತಿ ಸವೆದಿತ್ತು. 30 ಮಿ.ಮೀ. ದಪ್ಪ, 2 ಮಿ.ಮೀ. ಪಿಚ್. ಹೊಸ ನಟ್ಟು ಅವರ ಜೇಬಿನಲ್ಲಿತ್ತು, ಹೊಸ ಶಾಫ್ಟಿಗೆ ದುಡ್ಡಿರಲಿಲ್ಲ. ಸಸಿಮಡಿಯಲ್ಲಿ ಪೈರು ಬೆಳೆದು ನಿಂತಿದೆ, ಬಾಡಿಗೆ ಟಿಲ್ಲರು ಯಾವುದೂ ಬಿಡುವಿಲ್ಲ ಎಂದರು. ಮೇಸ್ತ್ರಿ ಶಾಫ್ಟನ್ನೂ ಲೇತನ್ನೂ ಒಂದೆರಡು ಸಲ ನೋಡಿದರು. ಕೆಟ್ಟರೆ ಆ ತುದಿಗೆ ಮತ್ತೆ ವೆಲ್ಡಿಂಗ್ ತುಂಬಿಸಬೇಕು, ಉಕ್ಕು ಅದನ್ನು ಎಷ್ಟು ಸಲ ತಡೆದೀತು? "ನಾಳೆ ಬನ್ನಿ" ಎನ್ನಲು ಅವರಿಗೆ ಮನಸ್ಸಾಗಲಿಲ್ಲ.

ಸವೆದ ಜಾಗಕ್ಕೆ ವೆಲ್ಡಿಂಗ್ ತುಂಬಿಸಿ, ಆರಲು ಬಿಟ್ಟು, ಟರ್ನಿಂಗ್ ಮಾಡಿ 30ಕ್ಕೆ ತಂದರು. ಗೀರು ಎಳೆದು ಅಳೆದರು, ಹತ್ತು ಸಂದಿಗೆ 20 ಮಿ.ಮೀ. ಸರಿಯಾಗಿ. ಥ್ರೆಡ್ಡಿನ ಆಳ ಸುಮಾರು 1.2 ಮಿ.ಮೀ. ಆಗಬೇಕು. ಮೊದಲು ಸ್ವಲ್ಪ ಧಾರಾಳವಾಗಿ, ಆಮೇಲೆ ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ಹದಿನಾಲ್ಕು ಸಲ ಉಳಿ ಓಡಿತು. ಹುಡುಗಿ ಜಡೆಯನ್ನು ಗಂಟು ಕಟ್ಟಿ, ಬಳೆ ತೆಗೆದಿಟ್ಟು, ಕುಂಚದಿಂದ ಎಣ್ಣೆ ಹಚ್ಚುತ್ತಿದ್ದಳು. (ಮಕ್ಕಳೇ, ತಿರುಗುವ ಲೇತಿನ ಹತ್ತಿರ ದುಪ್ಪಟ್ಟಾ, ಬಳೆ, ಸಡಿಲ ತೋಳು, ಬಿಟ್ಟ ಕೂದಲು ಯಾವುದೂ ಇರಕೂಡದು. ನೀವು ನನ್ನ ಹಾಗೆ ಕಟ್ಟೆಯ ಮೇಲಿಂದ ನೋಡಿದರೆ ಸಾಕು.) ಮೇಸ್ತ್ರಿ ಮಾತಾಡಲಿಲ್ಲ, ಯಾರನ್ನೂ ಮಾತಾಡಲೂ ಬಿಡಲಿಲ್ಲ. ಅವರ ಕಣ್ಣು ಉಳಿಯ ಮೇಲಿದ್ದರೂ ಕಿವಿ ಮೋಟಾರಿನ ಮೇಲಿತ್ತು. ತಾಳೆ ನೋಡುವವರು ಅವರೇ ಎಂದು ನನಗೆ ಆಗ ತಿಳಿಯಿತು. ಹನ್ನೊಂದನೆಯ ಸಲಕ್ಕೆ ಸದ್ದು ಕೊಂಚ ಬದಲಾಯಿತು ಎಂದು ಆಳವನ್ನು ಅರ್ಧಕ್ಕೆ ಇಳಿಸಿದರು. ನನಗಂತೂ ಎರಡೂ ಸದ್ದು ಒಂದೇ.

ಕೊನೆಗೆ ರೈತರ ಕೈಗೇ ನಟ್ಟು ಕೊಡಿಸಿದರು. ಅವರು ಹೆದರಿ ಹೆದರಿ ತಿರುಗಿಸಿದರು. ಮೂರು ಸುತ್ತು, ಆರು, ಹತ್ತು. ಬೆರಳಲ್ಲೇ ಬುಡ ಮುಟ್ಟಿತು. ಸಂಜೆಯ ಬಸ್ಸಿಗೆ ಶಾಫ್ಟಿನೊಡನೆ ಊರಿಗೆ ಹೋದರು.

ಗುಜರಿಯವನನ್ನು ಮೇಸ್ತ್ರಿ ಈಗ ಬಾಗಿಲಲ್ಲೇ ವಾಪಸು ಕಳಿಸುತ್ತಾರೆ. ಹುಡುಗಿ ಕಾಲೇಜಿಗೆ ಮರಳುವ ಮುನ್ನ ಬೇರೆ ಬೇರೆ ಪಿಚ್ಚಿನ ಜಮೆ ಮತ್ತು ಬೆಲೆಯ ಪಟ್ಟಿ ಮಾಡಿ ಲೇತಿನ ತಲೆಯ ಮೇಲೆ ಅಂಟಿಸಿ ಹೋಗಿದ್ದಾಳೆ. 1 ಮಿ.ಮೀ. ಪಿಚ್ಚಿಗೆ ಜಮೆ 80, ಬೆಲೆ 381. ಒಂದೂವರೆ ಮಿ.ಮೀ.ಗೆ ಜಮೆ 40, ಬೆಲೆ 127. ಇಲ್ಲಿ ಕಂಡಿತಲ್ಲ, ಹಲ್ಲು ಮುರಿದ ಆ 127! 381ನ್ನು ಮೂರರಿಂದ ಭಾಗಿಸಿದರೆ ಅಲ್ಲೂ ಅದೇ ಅಡಗಿ ಕೂತಿದೆ. ಆದರೆ ಪಟ್ಟಿಯ ಕೆಳಗಿನ ಸಾಲು ನೋಡಿ: ಇಂಚಿಗೆ 8 ಥ್ರೆಡ್ ಬೇಕಾದರೆ ಜಮೆ 2, ಬೆಲೆ 3. ಇಲ್ಲಿ 127 ಎಲ್ಲಿಗೆ ಹೋಯಿತು? ಬೋಲ್ಟು ನಟ್ಟು ಇನ್ನೂ ಕೈಯಲ್ಲಿದ್ದರೆ ಪಕ್ಕಕ್ಕಿಟ್ಟು, ಅಜ್ಜನನ್ನೋ ಅಜ್ಜಿಯನ್ನೋ ಕೂರಿಸಿಕೊಂಡು ಲೆಕ್ಕ ಹಾಕಿ ನೋಡಿ.